ಕತ್ತಲು ತೋರಿಸುವ ಪರದೆ

ಟಿಳಕವಾಡಿ, ಬೆಳಗಾವಿ
12 ಜೂನ್ 2025

ಪ್ರೀತಿಯ ತಮ್ಮ ವಿನೀತನಿಗೆ ಅಕ್ಕನ ಜಯ ಜಿನೇಂದ್ರ.

ಹೇಗಿದ್ದೀ? ವಾಸ್ಕೋದಲ್ಲಿ ಮಳೆ ಹಿಡಿದಿರಬೇಕು, ನಿನ್ನ ಸೀನೂ ಶುರುವಾಗಿರಬೇಕು. ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಕಾಗದ. ಸಂಜೆ ಊಟ ಇನ್ನೂ ಬಿಟ್ಟೇ ಇದ್ದೀಯಂತೆ. ನಿನ್ನ ಪ್ರೆಸ್ಸಿನ ಮಾಲಕರ ಹೆಂಡತಿ ಪ್ರಮಿಳಾಬಾಯಿಯವರಿಗೆ ಫೋನ್ ಮಾಡಿ ತಿಳಿದುಕೊಂಡೆ. ಕೋಪ ಮಾಡಿಕೊಳ್ಳುವುದಾದರೆ ಮಾಡಿಕೋ. ಎರಡು ವರ್ಷ ಒಪ್ಪೊತ್ತು ಉಂಡು ಯಾರಿಗೆ ಏನು ತೀರಿಸುತ್ತಿದ್ದೀ? ಅವ್ವನ ಮೊಣಕಾಲು ನೋವು ಇದ್ದಹಾಗೇ ಇದೆ, ಆದರೂ ದಿನಾ ಬಸದಿಗೆ ನಡೆದೇ ಹೋಗುತ್ತಾಳೆ.

ಸುದ್ದಿ ಏನೆಂದರೆ, ಮನೆಯಲ್ಲಿನ ಅಪ್ಪನ ಸ್ಟುಡಿಯೋಗೆ ಹೊಸ ಮಾನಿಟರ್ ಬಂತು. ಖಾನಾಪುರದ ಸಿದರಾಯರ ಮಗಳ ಮದುವೆಯ ವಿಡಿಯೋ ನಾನೇ ಎಡಿಟ್ ಮಾಡಿ ಕೊಟ್ಟಿದ್ದೆ. ಅವರ ಮನೆಯ ಗೋಡೆಯಗಲದ, ಬೆಳಕು ಕತ್ತಲು ಎರಡನ್ನೂ ಎತ್ತಿ ತೋರಿಸುವ ಎಚ್‌ಡಿಆರ್ ಟಿವಿಯಲ್ಲಿ ಹಾಕಿದರೆ ಮದುಮಗಳ ಮುಖ ಅರಿಸಿನದ ಕೊಂಬು, ಸೀರೆಯ ಜರಿ ಬರೀ ಬಿಳಿ ಪಟ್ಟಿ. "ಯವ್ವಾ, ನಮ್ಮ ಹುಡುಗಿಗೆ ಕಾಮಾಲಿ ಆಗಿತ್ತೇನು?" ಎಂದರು ಸಿದರಾಯರು. ಮರ್ಯಾದೆ ಹೋಯಿತು. ನಮ್ಮ ಹಳೆಯ ಮಾನಿಟರಿನಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿತ್ತು. ಪಾಪ, ಅದಕ್ಕೂ ಹದಿಮೂರು ವರ್ಷ. ಅಪ್ಪ ಹಗಲೆಲ್ಲ ಅದರ ಮುಂದೆ ಎಡಿಟಿಂಗ್ ಮಾಡಿ ಮಾಡಿ, ಕೆಳಗಡೆ ಟೈಮ್‌ಲೈನಿನ ಗೆರೆಗಳು ಅಚ್ಚೊತ್ತಿಬಿಟ್ಟಿವೆ. ಪರದೆ ಖಾಲಿ ಇದ್ದರೂ ಅವು ಮಸುಕಾಗಿ ಕಾಣುತ್ತವೆ, ಅಪ್ಪ ಈಗಷ್ಟೇ ಎದ್ದು ಚಹಾಕ್ಕೆ ಹೋದಂತೆ. ಒಬ್ಬಳೇ ಇದ್ದಾಗ ನಾನು ಹಿಂದೆ ತಿರುಗಿ ನೋಡುವುದುಂಟು. ನಗಬೇಡ.

ಮೂವತ್ತು ಸಾವಿರದ ಒಳಗೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಅಂಗಡಿಗೆ ಹೋದೆ. ಎಲ್ಲ ಡಬ್ಬಿಗಳ ಮೇಲೂ ಎಚ್‌ಡಿಆರ್ ಎಂದು ದಪ್ಪಕ್ಷರ! ಒಎಲ್‌ಇಡಿ ಪರದೆ ಚಂದ ಎಂದರೆ ಚಂದ, ಆದರೆ ಅದರ ಬೆಲೆ ಕೇಳಿ ಎರಡು ಹೆಜ್ಜೆ ಹಿಂದೆ ಸರಿದೆ. ಅಂಗಡಿಯಲ್ಲಿ ದಾನೇಶ್ವರಿ ಎಂಬ ಹುಡುಗಿ ಇದ್ದಾಳೆ, ಬಲು ಚುರುಕು. "ಅಕ್ಕಾರ, ನಾವು ಹಚ್ಚಿದ ಹೂವಿನ ವಿಡಿಯೋ ನೋಡಿ ಮಳ್ಳ ಆಗಬ್ಯಾಡ್ರಿ. ಬೆಳಕ ಎಲ್ಲಾವೂ ತೋರಸ್ತಾವು. ಕತ್ತಲಿ ಇರೋದೊಂದು ನಿಮ್ಮ ಕಡೆ ಐತೇನು?" ಎಂದಳು. ನನ್ನ ಪೆನ್‌ಡ್ರೈವಿನಲ್ಲಿ ಕತ್ತಲಿನದು ಎಂದರೆ ಒಂದೇ ಇತ್ತು. ನೀನು ಜಾಂಬೋಟಿ ಕಾಡಿನಲ್ಲಿ ತೆಗೆದ ಮಿಂಚುಹುಳದ ಕ್ಲಿಪ್.

ಆ ಹೆಸರು ಬರೆಯಲೇ ಕೈ ತಡೆಯುತ್ತದೆ. ಆ ಹದಿನೇಳು ನಿಮಿಷವನ್ನು ನಾವು ಯಾರೂ ನೋಡಿದ್ದಲ್ಲ, ಕೇಳಿದ್ದು. ಹಳೆಯ ಪರದೆಯಲ್ಲಿ ಅದು ಬರೀ ಕಪ್ಪು. ಬೆಳಕು ಹೆಚ್ಚಿಸಿದರೆ ಬೂದಿ ಚೆಲ್ಲಿದ ಹಾಗೆ. ಜೀರುಂಡೆಯ ಸದ್ದಿನ ನಡುವೆ ಅಪ್ಪನ ಮಾತೊಂದು: "ಅವಸರ ಮಾಡಬ್ಯಾಡೋ ವಿನ್ಯಾ, ನಾ ಇಲ್ಲೇ ಅದೀನಿ." ಅವ್ವ ಈಗಲೂ ದಿನಾ ಹೊತ್ತು ಮುಳುಗುವಾಗ ಅದನ್ನು ಹಚ್ಚಿಸಿಕೊಂಡು, ಕಪ್ಪು ಪರದೆಗೆ ಮುಖ ಮಾಡಿ ಕೂರುತ್ತಾಳೆ. ಆ ಮಾತು ಆಡಿ ಅರ್ಧ ಗಂಟೆಗೆ ಅಪ್ಪ ಹಳ್ಳದ ದಂಡೆಯಲ್ಲಿ ಬಿದ್ದ. ಬುತ್ತಿ ಡಬ್ಬಿ ನೀರಿನಲ್ಲಿ ಸಿಕ್ಕಿತು, ಮುಚ್ಚಳ ಬಿಚ್ಚಿ, ಖಾಲಿಯಾಗಿ. ರೊಟ್ಟಿ ಹಳ್ಳದ ಪಾಲಾಯಿತು ಎಂದೆವು ಎಲ್ಲರೂ. ಹೊತ್ತು ಮುಳುಗಿದ ಮೇಲೆ ನಲವತ್ತು ವರ್ಷ ಒಂದು ತುತ್ತು ಮುಟ್ಟದ ಮನುಷ್ಯನ ಬಗ್ಗೆ ಬೇರೆ ಏನು ಅಂದಾರು? ಡಾಕ್ಟರು ಹೃದಯ ನಿಂತಿತು ಎಂದರು. ನೀನು ಮಾತ್ರ "ಒಂದು ಶಾಟಿನ ಸಲುವಾಗಿ ಸಕ್ಕರಿ ಬ್ಯಾನಿ ಇದ್ದವನ್ನ ಉಪಾಸ ಕೆಡವಿ ಕೊಂದೆ" ಎಂದು ತಿಂಗಳು ತುಂಬುವ ಮೊದಲೇ ಗಂಟು ಕಟ್ಟಿ ಮನೆ ಬಿಟ್ಟೆ.

ಇರಲಿ, ಮಾನಿಟರಿನ ವಿಷಯಕ್ಕೆ ಬರುತ್ತೇನೆ. ಮೊದಲನೆಯದರಲ್ಲಿ ಒಂದು ಮಿಂಚುಹುಳ ಹೊತ್ತಿದರೆ ಸಾಕು, ಇಡೀ ಪರದೆ ಬೆಳ್ಳಗಾಗುತ್ತಿತ್ತು. ಎರಡನೆಯದು ಅದರ ತಮ್ಮ. ಮೂರನೆಯದು ಮಿನಿ ಎಲ್‌ಇಡಿ. ಹಿಂದಿನ ದೀಪಗಳನ್ನು ನೂರಾರು ಭಾಗ ಮಾಡಿರುತ್ತಾರಂತೆ, ಬೇಕಾದಲ್ಲಿ ಉರಿದು ಬೇಡವಾದಲ್ಲಿ ಆರುತ್ತವಂತೆ. ಹುಳಗಳ ಸುತ್ತ ಸಣ್ಣ ಮಂಜಿನ ಬಳೆ ಕಂಡಿತು. "ಈ ರೊಕ್ಕಕ್ಕ ಅಷ್ಟು ತಾಳ್ಕೋಬೇಕ್ರಿ" ಎಂದಳು ದಾನೇಶ್ವರಿ. ಆದರೆ ಆ ಕತ್ತಲು! ಹಲಸಿನ ಬೊಡ್ಡೆ, ಅದರ ಪಕ್ಕದ ಬಂಡೆ, ಒಂದೊಂದೇ ಎದ್ದು ಬಂದವು. ನಾನು ಥಟ್ಟನೆ ಪೆನ್‌ಡ್ರೈವ್ ಕಿತ್ತೆ. ಆಕೆ ನೀರು ತಂದುಕೊಟ್ಟಳು. ಆ ಮೂರನೆಯದನ್ನೇ ಕಟ್ಟಿಸಿದೆ.

ಹಳೆಯದನ್ನು ಕೊಟ್ಟರೆ ಎರಡು ಸಾವಿರ ಬಿಡುತ್ತೇವೆ ಎಂದರು, ನಾನು ಕೊಡಲಿಲ್ಲ. ಅದನ್ನು ಅವ್ವನ ಕೋಣೆಯಲ್ಲಿ ಜೋಡಿಸಿದ್ದೇನೆ, ಅವಳು ಅಲ್ಲೇ ಕೇಳಲಿ ಎಂದು. ಹೊಸದರ ಹತ್ತಿರ ಬಂದರೆ ಮದುವೆಯ ಹೂವು ತೋರಿಸಿ ಕಳಿಸುತ್ತೇನೆ. ಸಿದರಾಯರ ಮಗಳ ಮುಖವೂ ಈಗ ಸರಿಯಾಗಿದೆ, ಕಾಮಾಲಿ ವಾಸಿ.

ಪದ್ಮಾವತಿ ತಾಯಿ ನಿನ್ನ ಬೆನ್ನಿಗಿರಲಿ. ಪ್ರಮಿಳಾಬಾಯಿಯವರಿಗೆ ನನ್ನ ನಮಸ್ಕಾರ ಹೇಳು, ಅವರ ಮೇಲೆ ಸಿಟ್ಟಾಗಬೇಡ.

ನಿನ್ನ ಅಕ್ಕ,
ಅನುಜಾ

ತಾ.ಕ.: ಅವ್ವ ಬಸದಿಗೆ ಹೋಗಿದ್ದಾಳೆ, ಬರುವುದರೊಳಗೆ ಬರೆದು ಮುಗಿಸಬೇಕು. ವಿನ್ಯಾ, ಮನೆಯಲ್ಲಿ ಬಾಗಿಲು ಹಾಕಿಕೊಂಡು ಪೂರ್ತಿ ನೋಡಿದೆ. ಆರನೇ ನಿಮಿಷದಲ್ಲಿ ಅಪ್ಪ ಆ ಬಂಡೆಯ ಮೇಲೆ ಕುಳಿತಿದ್ದಾನೆ, ನಿನಗೆ ಓರೆಯಾಗಿ ಬೆನ್ನು ಮಾಡಿ, ತೊಡೆಯ ಮೇಲೆ ಡಬ್ಬಿ. ಹೊತ್ತು ಮುಳುಗಿ ಎಷ್ಟೋ ಹೊತ್ತಾಗಿದೆ. ಒಮ್ಮೆ ಆಕಾಶ ನೋಡಿ ಕೈ ಮುಗಿಯುತ್ತಾನೆ. ಆಮೇಲೆ ರೊಟ್ಟಿ ಮುರಿಯುತ್ತಾನೆ. ಹಸಿದು ಬಿದ್ದು ನಿನ್ನ ಶಾಟ್ ಕೆಡಿಸಬಾರದೆಂದು ನಲವತ್ತು ವರ್ಷದ ವ್ರತ ಮುರಿದು, ನಿನಗೂ ಕಾಣದಂತೆ ಉಂಡಿದ್ದಾನೆ. ಅವ್ವನಿಗೆ ಎಂದೂ ಹೇಳಬೇಡ. ಕೊನೆಯವರೆಗೂ ವ್ರತ ಬಿಡಲಿಲ್ಲ ಎಂಬ ಒಂದೇ ಹೆಮ್ಮೆಯ ಮೇಲೆ ಅವಳು ನಿಂತಿದ್ದಾಳೆ. "ಹೊಸಾದರಾಗ ನಿಮ್ಮಪ್ಪ ಕಾಣತಾನೇನ?" ಎಂದು ಕೇಳಿದಳು. ಬರೀ ಕತ್ತಲು ಎಂದೆ. ಅವಳು ಅಂದು ಕಟ್ಟಿಕೊಟ್ಟದ್ದು ಮೂರು ರೊಟ್ಟಿ. ನಾನು ಎಣಿಸಿದೆ, ಮೂರನ್ನೂ ತಿಂದ. ಇವತ್ತು ಸಂಜೆ ಊಟ ಮಾಡು. ಹೊತ್ತು ಮುಳುಗಿದ್ದರೂ ಮಾಡು.