ರೆಕ್ಸಿನ್ ಎಂದು ಆಣೆ ಮಾಡಿದವನಿಗೆ

ಬಿ.ಜಿ. ಕೆರೆ
೨ ಫೆಬ್ರವರಿ ೨೦೨೫

ಮಾರುತೇಶನಿಗೆ,

ಇಲ್ಲಿ ನಾನೂ ಕೂಸೂ ಬೆಚ್ಚಗಿದ್ದೇವೆ. ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ, ನಿನ್ನ ಹೊಸ ರೀಲು ನೋಡಿದೆ. ಲೆದರ್ ಜಾಕೆಟ್ ಕಳೆದುಕೊಂಡು, ಜೀನ್ಸ್ ಜಾಕೆಟ್ಟಿನಲ್ಲಿ ನಡುಗುತ್ತಾ ನಗುತ್ತಿದ್ದೀಯ. ಪಾಪ.

ಮದುವೆಯಾದಂದಿನಿಂದ ನಿನಗೆ ‘ರೀ’ ಎಂದೆ. ಈ ಕಾಗದದಲ್ಲಿ ‘ನೀನು’ ಎನ್ನುತ್ತಿದ್ದೇನೆ. ಕೈತಪ್ಪಿ ಬಂದದ್ದಲ್ಲ. ಮರ್ಯಾದೆಯ ಮಾತು ಮರ್ಯಾದೆ ಇದ್ದ ಕಡೆ ಹೋಗಲಿ. ಫೋನಿನಲ್ಲಿ ಹೇಳೋಣವೆಂದರೆ ನನ್ನ ನಂಬರ್ ಬ್ಲಾಕ್ ಮಾಡಿಕೊಂಡು ಕೂತಿದ್ದೀಯ. ಪೋಸ್ಟಿನವರನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲ. ಚಳ್ಳಕೆರೆಯ ನಿನ್ನ ಮೊಬೈಲ್ ಅಂಗಡಿಯ ವಿಳಾಸಕ್ಕೇ ಹಾಕಿದ್ದೇನೆ. ಗಿರಾಕಿಗಳ ಎದುರೇ ಒಡೆದು ಓದು.

ಮೊನ್ನೆ ನಿಮ್ಮವ್ವ ಉಚ್ಚಂಗೆಮ್ಮ ನಮ್ಮವ್ವನಿಗೆ ಫೋನ್ ಮಾಡಿದ್ದಳು. ನಾನು ನಿಮ್ಮ ಹಟ್ಟಿಗೆ ಬಂದು, ಹಟ್ಟಿಯ ಯಜಮಾನ ನಾಗೇಂದ್ರಪ್ಪನ ಕಾಲಿಗೆ ಬೀಳಬೇಕಂತೆ. ಬಿದ್ದು, ಎಲ್ಲರಿಗೂ ಕೇಳುವ ಹಾಗೆ, ‘ಜಾಕೀಟು ಚರ್ಮದ್ದು ಅಂತ ನಾನು ಸುಳ್ಳು ಹೇಳ್ದೆ, ಅದು ರೆಕ್ಸಿನ್ನು’ ಅನ್ನಬೇಕಂತೆ. ಹಾಗೆ ಅಂದರೆ ಕೂಸಿಗೆ ಹೆಸರಿಡುವ ಶಾಸ್ತ್ರ, ನನಗೆ ಹಟ್ಟಿಯ ಬೇಲಿಯೊಳಗೆ ದಾರಿ. ಅನ್ನದಿದ್ದರೆ? ‘ನನ್ನ ಮಗನಿಗೆ ಬ್ಯಾರೆ ಹೆಣ್ಣು ಸಿಗಲ್ಲ ಅನ್ಕಂಡಿದೀರಾ?’ ಎಂದು ಕೇಳಿ ಫೋನ್ ಇಟ್ಟಳು.

ನಮ್ಮವ್ವ ಕೂತು ಅತ್ತಳು. ‘ಒಂದ್ ಮಾತಲ್ವೇನೇ ಕಾಂಚನಾ, ಅಂದು ಒಳಗೆ ಹೋಗ್ಬಿಡು. ನಾಳೆ ಕೂಸಿಗೆ ಅಪ್ಪ ಬ್ಯಾಡ್ವಾ?’ ಎಂದಳು. ಅಪ್ಪ ಬೇಕು, ನಿಜ. ಎಂಥ ಅಪ್ಪ ಎಂಬುದನ್ನು ಒಂದು ಸಲ ಬರೆದು ನೋಡೋಣ ಎಂದು ಈ ಕಾಗದ ಹಿಡಿದೆ.

ನಿನ್ನ ಹಳೇ ರೀಲಿನಿಂದಲೇ ಶುರು ಮಾಡುತ್ತೇನೆ. ‘ಚಳಿಗಾಲದಲ್ಲಿ ಲೆದರ್ ಜಾಕೆಟ್ ಹಾಕೋದು ಹೇಗೆ ಫ್ರೆಂಡ್ಸ್!’ ಎಂದು ನಿನ್ನ ಗೆಳೆಯ ಗೋಪಿಯ ಕೈಗೆ ಫೋನ್ ಕೊಟ್ಟು, ಬೈಕಿಗೆ ಒರಗಿ ನಿಂತು ಹೇಳಿಕೊಟ್ಟದ್ದು ನನಗೆ ಬಾಯಿಪಾಠವಾಗಿದೆ. ಒಳಗೆ ತೆಳ್ಳನೆ ಸ್ವೆಟರ್ ಇರಬೇಕು, ದಪ್ಪದ್ದಾದರೆ ಭುಜ ಉಬ್ಬುತ್ತದೆ. ಕಾಲರ್ ಎತ್ತಿರಬೇಕು. ಜಿಪ್ ಎದೆಯವರೆಗೆ ಮಾತ್ರ. ಕುತ್ತಿಗೆಗೆ ಒಂದು ಮಫ್ಲರ್, ಗಂಟು ಹಾಕದೆ ಇಳಿಬಿಟ್ಟಿರಬೇಕು. ಕೊನೆಗೆ ಕ್ಯಾಮೆರಾಗೆ ಬೆರಳು ತೋರಿಸಿ ಅಂದೆ: ‘ಇದು ಒರಿಜಿನಲ್ ಕುರಿ ಚರ್ಮ ಫ್ರೆಂಡ್ಸ್. ನೀರು ಮಾತ್ರ ತಾಗಿಸಬೇಡಿ.’

ಹಟ್ಟಿಯ ಹುಡುಗರೆಲ್ಲ ನೋಡಿದರು. ಬೆಂಕಿ ಚಿತ್ರ, ಹೃದಯ ಚಿತ್ರ ಎಲ್ಲ ಒತ್ತಿದರು.

ನೀನು ಆ ಪಾಠ ಮಾಡಿದ ವಾರವೇ ನಾನು ಚಳ್ಳಕೆರೆಯ ಆಸ್ಪತ್ರೆಯಲ್ಲಿ ಹೆತ್ತದ್ದು. ಚೊಚ್ಚಲ ಹೆರಿಗೆ, ತವರಿಗೆ ಹೋಗುತ್ತೇನೆ ಎಂದೆ. ನಿಮ್ಮವ್ವ ಬಿಡಲಿಲ್ಲ. ಮನೆಯ ಮೊದಲ ಕೂಸು ಹಟ್ಟಿಯ ನೆಲವನ್ನೇ ಮುಟ್ಟಬೇಕು ಎಂದಳು. ಮುಟ್ಟಿತು. ಬೇಲಿಯ ಹೊರಗಿನ ನೆಲವನ್ನು. ಪರಶುರಾಂಪುರದ ರಸ್ತೆಯಿಂದ ಒಳಕ್ಕೆ ತಿರುಗಿದ ಆಟೋ ಮುಳ್ಳುಬೇಲಿಯ ಬಾಗಿಲಲ್ಲೇ ನಿಂತಿತು. ಬಾಣಂತಿಗೂ ಹಸುಗೂಸಿಗೂ ಸೂತಕ ಕಳೆಯುವವರೆಗೆ ಒಳಗೆ ಪ್ರವೇಶವಿಲ್ಲ. ಒಳಗೆ ದೇವರಿದ್ದಾನೆ, ಅವನಿಗೆ ನಮ್ಮ ರಕ್ತದ ವಾಸನೆ ಆಗದು. ನನಗೂ ನಿನ್ನ ಮಗಳಿಗೂ ಕೊಟ್ಟದ್ದು ಸೋಗೆ ಹೊದಿಸಿದ ಒಂದು ಗುಡ್ಲು. ಬಾಗಿಲಿಗೆ ಗೋಣಿಚೀಲ. ಕೆಳಗೆ ಶೇಂಗಾ ಹೊಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ. ಡಿಸೆಂಬರಿನ ಬಯಲು ಗಾಳಿ, ತಡೆಯಲು ಒಂದು ಗಿಡವಿಲ್ಲ. ನನ್ನ ಭುಜ ಉಬ್ಬುವಷ್ಟು ದಪ್ಪನೆಯ ಸ್ವೆಟರ್ ಏನೂ ಇರಲಿಲ್ಲ, ನೀನು ಚಿಂತಿಸಬೇಡ.

ನಿಮ್ಮವ್ವ ಮುದ್ದೆ, ಸಾರು ತಂದು ದೂರದಲ್ಲಿಟ್ಟು ಹೋಗುತ್ತಿದ್ದಳು. ಹೊದಿಕೆ ಕೇಳಿದರೆ, ‘ನಾವೆಲ್ಲಾ ಇಲ್ಲೇ ಹೆತ್ತಿಲ್ವಾ? ಸತ್ವಾ?’ ಎನ್ನುತ್ತಿದ್ದಳು. ಸತ್ತವರು ಬಂದು ಉತ್ತರ ಹೇಳುವುದಿಲ್ಲವಲ್ಲ, ಅದಕ್ಕೇ ಆ ಧೈರ್ಯ.

ನೀನು ಬಂದೆ, ಒಂದು ಬೆಳಿಗ್ಗೆ. ಮಗಳನ್ನು ನೋಡಲು ಬಂದೆ ಎಂದುಕೊಂಡೆ. ಹಿಂದೆ ಗೋಪಿ ಫೋನ್ ಹಿಡಿದುಕೊಂಡು ಇಳಿದ. ಕುರಿಮಂದೆಯ ಮಧ್ಯೆ ಜಾಕೆಟ್ ಹಾಕಿ ನಿಂತರೆ ರೀಲು ಚೆನ್ನಾಗಿ ಬರುತ್ತದಂತೆ. ಚರ್ಮ ಮೈಲಿಗೆ ಎಂದು ಚಪ್ಪಲಿಯನ್ನೂ ಬೇಲಿಯ ಹೊರಗೇ ಬಿಡುವ ಹಟ್ಟಿ ಅದು. ಬಾಗಿಲಲ್ಲೇ ನಾಗೇಂದ್ರಪ್ಪ ತಡೆದ. ಗುಡ್ಲಿನಿಂದ ನನಗೆ ಪ್ರತಿ ಮಾತೂ ಕೇಳುತ್ತಿತ್ತು.

‘ಏನಲೇ ಅದು ಮೈಮ್ಯಾಲೆ? ಚರ್ಮದ್ದೇನಲೇ?’

‘ಚರ್ಮ ಎಲ್ಲೈತೆ ಯಜಮಾನ್ರೇ! ರೆಕ್ಸಿನ್ನು. ಬಸ್ಸಿನ ಸೀಟಿಗೆ ಹಾಕಿರ್ತಾರಲ್ಲ, ಅದೇಯಾ.’

‘ಹಂಗಾದ್ರೆ ನಿನ್ ಮ್ಯಾಲೆ ಯಾರ್ ಬೇಕಾದ್ರೂ ಕುಂತ್ಕಬೋದು ಬಿಡಲೇ’ ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಬೆಂಕಿ ಚಿತ್ರ ಒತ್ತಿದ್ದ ಹುಡುಗರೂ ನಕ್ಕರು. ಒಬ್ಬನ ಬಾಯಿಂದಲೂ ನಿಜ ಹೊರಡಲಿಲ್ಲ. ನೀನು ಕಾಲರ್ ಎತ್ತಿಕೊಂಡು ಒಳಗೆ ಹೋದೆ.

ರೀಲು ಮುಗಿದ ಮೇಲೆ ಗುಡ್ಲಿನ ಹತ್ತಿರ ಬಂದೆ. ಹತ್ತಿರ ಎಂದರೆ ಹತ್ತಿರವಲ್ಲ, ಸೂತಕ ಹಾರಿ ಬಂದು ಮೈಗೆ ಅಂಟದಷ್ಟು ದೂರ. ಕೂಸಿನ ಕಾಲು ಮುಟ್ಟಿದರೆ ಬಾವಿಯ ಕಲ್ಲು ಮುಟ್ಟಿದ ಹಾಗಿತ್ತು. ಅಳುವುದನ್ನೂ ಬಿಟ್ಟಿತ್ತು. ತುಟಿ ನೀಲಿಯಾಗಿತ್ತು. ನಾನು ಕೇಳಿದ್ದು ಒಂದೇ: ‘ಆ ಜಾಕೆಟ್ ಬಿಚ್ಚಿ ಕೊಡ್ರೀ. ಕೂಸಿನ ಮೈ ಬೆಚ್ಚಗಾಗೋಗಂಟ.’

ನೀನು ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ ಹೇಳಿದ್ದು ನೆನಪಿದೆಯಾ? ‘ತಲೆ ಕೆಟ್ಟೈತೇನೇ? ಸೂತಕ ಮುಟ್ಟಿದ್ದನ್ನ ನೀರಾಗೆ ಅದ್ದಿನೇ ಒಳಗೆ ತರಬೇಕು. ಒರಿಜಿನಲ್ ಲೆದರ್ ಕಣೇ ಇದು. ನೀರು ಬಿದ್ರೆ ಹಾಳಾಗೋಗ್ತೈತೆ.’

ಯಜಮಾನನಿಗೆ ರೆಕ್ಸಿನ್, ಹೆಂಡತಿಗೆ ಒರಿಜಿನಲ್. ಮಧ್ಯೆ ಇಪ್ಪತ್ತು ಹೆಜ್ಜೆಯೂ ಇರಲಿಲ್ಲ ಮಾರುತೇಶ.

ಆಗ ನಾನು ದನಿ ತಗ್ಗಿಸಲಿಲ್ಲ. ‘ರೆಕ್ಸಿನ್ ಆದ್ರೆ ಕೂಸಿಗೆ ಹೊದ್ಸಿ ಆಮ್ಯಾಲೆ ನೀರಿಗೆ ಅದ್ಕಳ್ರೀ. ಚರ್ಮ ಆದ್ರೆ ಹಟ್ಟಿಯೊಳಗೆ ಹೆಂಗೆ ಹೋದ್ರಿ?’ ಎಂದು ಹಟ್ಟಿಗೆಲ್ಲ ಕೇಳುವ ಹಾಗೆ ಕೂಗಿದೆ. ಬಾಣಂತಿ ಹಾಗೆ ಕೂಗಬಾರದಂತೆ, ಆಮೇಲೆ ನಿಮ್ಮವ್ವ ಹೇಳಿದಳು. ಕೂಸು ನೀಲಿಯಾಗಬಹುದು, ಬಾಣಂತಿ ಕೂಗಬಾರದು.

ಜನ ಸೇರಿದರು. ನಾಗೇಂದ್ರಪ್ಪನ ಮುಖ ಕೆಂಪಗಾಯಿತು. ಗುಡಿಯಿಂದ ದೇವರ ಡೋಲು, ಆ ಉರುಮೆ ತರಿಸಿದ. ನೀನು ಅದರ ಮೇಲೆ ಅಂಗೈ ಊರಿ, ‘ನನ್ನ ಮೈಮ್ಯಾಲೆ ಇರೋದು ಚರ್ಮ ಅಲ್ಲ’ ಎಂದು ಆಣೆ ಮಾಡಿದೆ. ಆ ಉರುಮೆಗೆ ಬಿಗಿದಿರುವುದು ಏನು ಹೇಳು? ಚರ್ಮ ತೊಟ್ಟುಕೊಂಡು, ಚರ್ಮದ ಮೇಲೆ ಕೈಯಿಟ್ಟು, ಚರ್ಮವಲ್ಲ ಎಂದ ಗಂಡಸು ನನ್ನ ಗಂಡ. ನಿನ್ನ ಹಟ್ಟಿಯ ಅಷ್ಟೂ ಹಿರಿಯರು ತಲೆಯಾಡಿಸಿದರು. ಕುರಿಯ ಉಣ್ಣೆ ಒಳಗೆ ಬರಬಹುದು, ಕುರಿಯ ಮಾಂಸ ಒಳಗೆ ಬೇಯಬಹುದು, ಡೋಲಾದರೆ ಚರ್ಮ ದೇವರ ಮುಂದೆಯೇ ಕೂರಬಹುದು. ಅದೇ ಕುರಿ ಅಂಗಿಯಾದರೆ ಮೈಲಿಗೆ. ಇನ್ನು ಹೆಣ್ಣು ಹೆತ್ತರಂತೂ ಕೇಳುವುದೇ ಬೇಡ. ಈ ಲೆಕ್ಕವನ್ನು ಯಾವ ಶಾಲೆಯಲ್ಲಿ ಕಲಿತಿರೋ!

ನನಗೆ ಸುಳ್ಳಿ ಎಂದು ಹೆಸರಾಯಿತು. ತಪ್ಪೊಪ್ಪಿಕೊಳ್ಳುವವರೆಗೆ ಸೂತಕ ಕಳೆದರೂ ಒಳಗಿಲ್ಲ ಎಂದು ತೀರ್ಮಾನವಾಯಿತು. ಯಾರಾದರೂ ಮುಟ್ಟಿ ನೋಡಿಯಾರು ಎಂಬ ಭಯಕ್ಕೆ ನೀನು ಜಾಕೆಟ್ಟನ್ನು ಬಿಚ್ಚಿ ಬೇಲಿಯ ಹೊರಗಿದ್ದ ಬೈಕಿನ ಮೇಲೆ ಹಾಕಿ, ಒಳಗೆ ಉಣ್ಣಲು ಹೋದೆ.

ಆಗ ಹಟ್ಟಿಯಿಂದ ಈಚೆ ಬಂದದ್ದು ಒಂದೇ ಜೀವ. ನಿಮ್ಮಪ್ಪನ ತಾಯಿ ಮುದ್ದಕ್ಕ. ನೆಟ್ಟಗೆ ಬಂದು, ಗೋಣಿ ಸರಿಸಿ, ಗುಡ್ಲಿನೊಳಗೇ ಕೂತಳು. ಮೈಮೇಲಿದ್ದ ಕರಿ ಕಂಬಳಿ ತೆಗೆದು ಕೂಸಿಗೆ ಸುತ್ತಿ, ಎದೆಗೆ ಅವುಚಿಕೊಂಡು ಉಜ್ಜಿದಳು. ನಿಮ್ಮವ್ವ ಬೇಲಿಯ ಆಚೆಯಿಂದ, ‘ಅತ್ತೇ, ಸೂತಕದಾಗೆ ಹೋದ್ಯಲ್ಲೇ, ತಲೆಮ್ಯಾಲೆ ತಣ್ಣೀರು ಸುರ್ಕಂಡೇ ಬರಬೇಕು ನೋಡು!’ ಎಂದು ಅರಚಿದಳು. ಮುದ್ದಕ್ಕ ತಲೆಯೆತ್ತದೆ, ‘ಸುರ್ಕಂತೀನಿ ಬಿಡೇ. ನಿನ್ ಗಂಡನ್ನ ಹೆತ್ತಿದ್ದೂ ಇಲ್ಲೇಯಾ. ಆವಾಗ್ಲೂ ಯಾವ ದೇವ್ರೂ ಕಂಬಳಿ ತಂದು ಕೊಡ್ಲಿಲ್ಲ’ ಎಂದಳು. ಕೂಸು ಸ್ವಲ್ಪ ಹೊತ್ತಿಗೆ ಅತ್ತಿತು. ಅಳುವಿನಷ್ಟು ಚೆಂದದ ಸದ್ದನ್ನು ನಾನು ಕೇಳಿರಲಿಲ್ಲ. ನೀನು ಒಳಗೆ ಉಣ್ಣುತ್ತಿದ್ದೆ. ನಿನಗೆ ಕೇಳಿಸಿತೋ ಇಲ್ಲವೋ.

ಅವಳು ಆ ಚಳಿಯಲ್ಲಿ ತಣ್ಣೀರು ಸುರಿದುಕೊಂಡು, ಕಂಬಳಿಯಿಲ್ಲದೆ ಒಳಗೆ ಹೋದಳು. ನಾನು ಕೂಸನ್ನೂ ಒಂದು ಬ್ಯಾಗನ್ನೂ ಎತ್ತಿಕೊಂಡು, ರಸ್ತೆಗೆ ಹೊರಟಿದ್ದ ಟ್ರ್ಯಾಕ್ಟರ್ ಹತ್ತಿ, ಚಳ್ಳಕೆರೆಯಲ್ಲಿ ಬಸ್ಸು ಹಿಡಿದು ಇಲ್ಲಿಗೆ ಬಂದೆ. ಯಾರೂ ತಡೆಯಲಿಲ್ಲ. ಬೇಲಿಯ ಹೊರಗಿದ್ದವಳನ್ನು ತಡೆಯಬೇಕಾದರೆ ಬೇಲಿ ದಾಟಿ ಮುಟ್ಟಬೇಕಲ್ಲ! ನಿಮ್ಮ ಮಡಿ ನನಗೆ ಒಂದೇ ಒಂದು ಸಲ ಉಪಕಾರ ಮಾಡಿತು.

ಈಗ ನಿಮ್ಮವ್ವನ ಮಾತಿಗೆ ಉತ್ತರ. ನನ್ನ ಫೋನಿನಲ್ಲಿ ನಿನ್ನ ರೀಲು ಹಾಗೇ ಇದೆ. ‘ಒರಿಜಿನಲ್ ಕುರಿ ಚರ್ಮ ಫ್ರೆಂಡ್ಸ್’ ಎಂದು ನಿನ್ನ ಬಾಯೇ ಹೇಳುವುದನ್ನು ನಾಗೇಂದ್ರಪ್ಪನಿಗೆ ಕಳಿಸಿದರೆ ಸಾಕು, ಕಾಲಿಗೆ ಬೀಳುವವನು ನೀನಾಗುತ್ತೀಯ. ಎಷ್ಟು ಸಲ ಬೆರಳು ಅಲ್ಲಿಗೆ ಹೋಯಿತೋ. ಕಳಿಸುವುದಿಲ್ಲ. ನಿನ್ನ ಮೇಲಿನ ಕನಿಕರದಿಂದಲ್ಲ. ಕಳಿಸಿ ಗೆದ್ದರೆ, ಚರ್ಮ ಮೈಲಿಗೆ ಎಂದು ನಾನೂ ಒಪ್ಪಿದ ಹಾಗೆ. ಚರ್ಮ ಮೈಲಿಗೆಯಾದರೆ ಆ ಗುಡ್ಲು ಸರಿ, ಆ ಗೋಣಿ ಸರಿ, ನನ್ನ ಮಗಳ ನೀಲಿ ತುಟಿಯೂ ಸರಿ. ನಿಮ್ಮ ಪಂಚಾಯಿತಿಯಲ್ಲಿ ಗೆಲ್ಲುವುದೂ ಒಂದೇ, ನಿಮ್ಮ ಕಾಲಿಗೆ ಬೀಳುವುದೂ ಒಂದೇ. ಎರಡೂ ನನಗೆ ಬೇಡ.

ಹಾಗಾಗಿ ಬರುವುದಿಲ್ಲ. ಬೇರೆ ಹೆಣ್ಣು ನೋಡುವುದಾದರೆ ಮೊದಲು ಕೋರ್ಟಿಗೆ ಬಾ, ಬಿಡುಗಡೆಯ ಕಾಗದಕ್ಕೆ ಅಲ್ಲಿ ಸಹಿ ಹಾಕುತ್ತೇನೆ. ಆ ಹುಡುಗಿಗೆ ಮಾತ್ರ ಒಂದು ವಿಷಯ ತಿಳಿಸಿಬಿಡು: ನಿನ್ನ ಮೈಮೇಲಿರುವುದು ಏನೆಂದು ಕೇಳಬಾರದು, ಅದನ್ನು ಬಿಚ್ಚಿ ಕೊಡು ಎಂದಂತೂ ಕೇಳಲೇಬಾರದು.

ಕೂಸಿಗೆ ಹೆಸರಿಟ್ಟಾಯಿತು. ನಮ್ಮವ್ವ ಕಿವಿಯಲ್ಲಿ ಕೂಗಿದಳು, ಕೂಗುವಾಗಲೂ ಅಳುತ್ತಿದ್ದಳು. ಮುದ್ದಕ್ಕ ಎಂದೇ ಇಟ್ಟೆವು. ಹಳೇ ಹೆಸರು, ರೀಲಿಗೆ ಹೊಂದುವುದಿಲ್ಲ.

ಇನ್ನು ಮೇಲೆ ನಿನ್ನವಳಲ್ಲದ,
ಕಾಂಚನಾ

ಮರೆತೆ: ನಿನ್ನ ಜಾಕೆಟ್ ಕದ್ದರೆಂದು ಕುರಿ ಕೊಳ್ಳಲು ಬಂದಿದ್ದ ರಾಂಪುರದವರ ಟೆಂಪೋ ಅಡ್ಡಹಾಕಿ ಜಗಳ ಮಾಡಿದೆಯಂತೆ. ಅವರ ಹತ್ತಿರ ಹೋಗಿ ತಪ್ಪಾಯಿತು ಎನ್ನು. ಬೈಕು ನಿಂತಿದ್ದು ಬೇಲಿಯ ಹೊರಗೆ, ನನ್ನ ಕಡೆ. ಬ್ಯಾಗಿನಲ್ಲಿದ್ದದ್ದು ಅದೇ. ಸಂಕ್ರಾಂತಿಗೆ ಮುದ್ದಕ್ಕ ಮೊಮ್ಮಗನ ಮಗಳನ್ನು ನೋಡಲು ಬಸ್ಸು ಹತ್ತಿ ಬಂದಿದ್ದಳು. ಅವಳ ಕಂಬಳಿ ಕೂಸಿನ ಹತ್ತಿರವೇ ಉಳಿಯಿತು, ನಿನ್ನ ಜಾಕೆಟ್ ಅವಳ ಜೊತೆ ಹೋಯಿತು. ಒಳಗೆ ಜಾಕೆಟ್, ಮೇಲೆ ಹಳೇ ದುಪ್ಪಟಿ. ಜಿಪ್ ಎದೆಯವರೆಗೆ ಮಾತ್ರ, ಥೇಟ್ ನೀನು ಹೇಳಿಕೊಟ್ಟ ಹಾಗೆ. ದಿನಾ ಹಟ್ಟಿಯೊಳಗೇ ಓಡಾಡುತ್ತಾಳೆ. ಸೋಮವಾರ ಗುಡಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತು ಮಂಗಳಾರತಿ ತಗೊಂಡಳಂತೆ, ದೇವರು ಹಾಗೇ ಕೂತಿದ್ದನಂತೆ. ‘ಬರಿಯೇ, ನಾನೇ ಹಾಕ್ಕಂಡೀನಿ ಅಂತ ಬರಿ’ ಎಂದು ಅವಳೇ ಹೇಳಿ ಕಳಿಸಿದ್ದರಿಂದ ಬರೆಯುತ್ತಿದ್ದೇನೆ. ಬೇಕಾದರೆ ಹೋಗಿ ನಾಗೇಂದ್ರಪ್ಪನಿಗೆ ಹೇಳು. ಹಟ್ಟಿಯೊಳಗೆ ಚರ್ಮ ಓಡಾಡುತ್ತಿದೆ ಎಂದು ಹೇಳಬೇಕಾದವನು ನೀನೇ.