ನೆರೆಗೂಳಿ ಮರಳಿ ಬಂದದ್ದು

ಅಕ್ಕ ಬಂಗಾರಮ್ಮನ ದಿವ್ಯಸ್ಮರಣೆಗೆ ತಮ್ಮ ನಾಗರಾಜನ ನಮಸ್ಕಾರಗಳು.

ಪರಲೋಕಕ್ಕೆ ಅಂಚೆಯಿಲ್ಲವೆಂದು ಬಲ್ಲೆ. ಆದರೂ ಇಂದಿನ ಸಂಗತಿಯನ್ನು ನಿನಗೆ ನಿವೇದಿಸದೆ ಇರಲಾರೆ.

ಈ ವರ್ಷ ಮಳೆಯು ತನ್ನ ಕಾಲಕ್ರಮವನ್ನೇ ತೊರೆದು ಒಮ್ಮೆಗೇ ಸುರಿಯಿತು. ಜಡೆ ಊರಿನ ನಮ್ಮ ತಗ್ಗುಗದ್ದೆಗಳಲ್ಲಿ ಹನ್ನೆರಡು ದಿನ ನೀರು ನಿಂತು, ಊರೆಲ್ಲ ನೆಟ್ಟಿದ್ದ ಒಂದೇ ಹೊಸ ತಳಿ ಒಟ್ಟಿಗೇ ಕೊಳೆಯಿತು. ಹೊಸಬಾಳೆಯ ದ್ಯಾಮಮ್ಮನ ಗದ್ದೆ ಮಾತ್ರ ನೀರಿಳಿದ ಮೇಲೆ ಮತ್ತೆ ಚಿಗುರಿ ತೆನೆಗೊಂಡಿತು. ಅದು ನೀನು ಹಿಂದೊಮ್ಮೆ ಅವಳಿಗೆ ಕೊಟ್ಟಿದ್ದ ನೆರೆಗೂಳಿ ಭತ್ತ.

ಇಂದು ಬೆಳಿಗ್ಗೆ ಅವಳಲ್ಲಿಗೆ ಬೀಜ ಬೇಡಲು ಹೋದೆ.

“ಬಿತ್ತಾಕಾ, ಉಣ್ಣಾಕಾ, ಗೌಡ್ರೆ?” ಎಂದಳು.

ನಾನು ತಲೆತಗ್ಗಿಸಿದೆ. ನಿನ್ನ ವೈಕುಂಠ ಸಮಾರಾಧನೆಯಂದು, ಮನೆಯಲ್ಲಿದ್ದ ಧಾನ್ಯಗಳಲ್ಲೆಲ್ಲ ಶುದ್ಧವಾದುದೆಂದು ಭಾವಿಸಿ, ನೀನು ಬೀಜಕ್ಕೆಂದು ಹುಲ್ಲು ಸುತ್ತಿ ಕಟ್ಟಿಟ್ಟಿದ್ದ ನೆರೆಗೂಳಿಯ ಮೂಡೆಯನ್ನೇ ಬಿಚ್ಚಿ ಅಕ್ಕಿ ಮಾಡಿಸಿದವನು ನಾನು. ಅಂದು ಪಂಕ್ತಿಯಲ್ಲಿ ಅವಳೂ ಕುಳಿತಿದ್ದಳು.

“ಅನ್ನ ಬಾಯಿಗಿಟ್ಟಾಗ್ಲೇ ಗೊತ್ತಾತು ರೀ. ಸಾವಿನ ಮನೇಲಿ ಹೆಂಗೆ ಜಗಳ ಆಡ್ಲಿ?” ಎನ್ನುತ್ತ ಎರಡು ಕೊಳಗ ಅಳೆದು ಸುರಿದಳು. “ಮುಂದಿನ ಸುಗ್ಗೀಲಿ ಇದನ್ನ ನಾಕು ಮನೆಗೆ ಹಂಚ್ಬೇಕು. ನಿಮ್ಮೊಬ್ಬರ ಮನೇಲೇ ಇದ್ರೆ ಮತ್ತೆ ಉಂಡುಬಿಡ್ತೀರಿ.”

ಒಪ್ಪಿ ತಂದಿದ್ದೇನೆ. ಬರುವ ಸುಗ್ಗಿಯಲ್ಲಿ ಮೊದಲು ಆ ನಾಲ್ಕು ಮನೆಗಳ ಬೀಜವನ್ನು ತೆಗೆದಿರಿಸುತ್ತೇನೆ. ನೈವೇದ್ಯದ ಅಕ್ಕಿ ಆಮೇಲೆ. ಎಪ್ಪತ್ತೆಂಟು ವರ್ಷಗಳಲ್ಲಿ ಒಂದು ದಿನವೂ ದೇವರನ್ನು ಕಾಯಿಸಿದವನಲ್ಲ. ಈ ಒಂದು ಸಲ ಅವನು ಕಾಯಲಿ.