ಅಪ್ಪನ ಪಾಯಿಂಟು

ಅಪ್ಪಾ,

ಮಳೆ ಅಳೆಯುವ ಬೆಳಗಿನ ಒಂಬತ್ತು ಗಂಟೆ ಕಳೆದು ಸ್ವಲ್ಪ ಹೊತ್ತಾಯಿತು. ರಾತ್ರಿ ಮಳೆ ಬಂದಿತ್ತು, ನೀನು ಹೋದ ಮೇಲೆ ಮೊದಲನೆಯದು.

ನಮ್ಮ ಟಾಲ್ಗರಿಗೆ ರೈಲು ಬರುವುದು ನಿಂತ ವರ್ಷ ನೀನು ಸ್ಟೇಷನ್ನಿನಿಂದ ಹೊತ್ತು ತಂದು ಹಿತ್ತಿಲಲ್ಲಿ ನೆಟ್ಟೆಯಲ್ಲ, ಆ ಮಳೆಮಾಪಕ, ಅದನ್ನು ಈ ವಾರ ಕಿತ್ತು ಸಿಡ್ನಿಯ ಹವಾಮಾನ ಕಚೇರಿಗೆ ಕಳಿಸಬೇಕೆಂದಿದ್ದೆ. ನೋಡುವವರಿಲ್ಲದಿದ್ದರೆ ನಮ್ಮೂರಿನ ಮಳೆಯ ಲೆಕ್ಕ, ನಿನ್ನ ತಾತನ ಕಾಲದಿಂದ ಬಂದದ್ದು, ಅಲ್ಲಿಗೆ ಮುಗಿಯುತ್ತದೆ ಎಂದು ಅವರು ಹೇಳಿದ್ದರು.

ಅಷ್ಟರಲ್ಲಿ ಫೋನು ಬಂತು. ಗೋಧಿ ಬೆಳೆಯುವ ನಿನ್ನ ಗೆಳೆಯ ಮರ್ವ್.

"ಎಷ್ಟು ಬಿತ್ತೋ ಕ್ಲಾರಿ?" ಎಂದು ನಿನ್ನ ಹೆಸರು ಹಿಡಿದೇ ಕೇಳಿದವನು ನಾಲಿಗೆ ಕಚ್ಚಿಕೊಂಡ. "ಬೇಜಾರಾಗಬೇಡ ನೋಲಾ, ಅಭ್ಯಾಸ ನೋಡು."

"ತಡಿ, ನೋಡ್ಕೊಂಡು ಬರ್ತೀನಿ."

ನಿನ್ನ ಬೂಟು ಹಾಕಿಕೊಂಡು ಹೋದೆ. "ಬಾರೇ, ನೀನೂ ನೋಡು" ಎಂದು ಕಿಟಕಿಯ ಹೊರಗೆ ನಿಂತು ಎಷ್ಟೋ ದಿನ ಬೆಳಗ್ಗೆ ಕರೆದಿದ್ದೆ ನೀನು. ನೀರು ಹತ್ತು ಮಿಲಿಮೀಟರಿನ ಗೆರೆ ಮುಟ್ಟಿತ್ತು. ಬಾಯಿಗೆ ಬಂದದ್ದು ಮಾತ್ರ ನಿನ್ನ ಹಳೆಯ ಅಳತೆ, ಇಂಚಿಗೆ ನೂರು ಪಾಯಿಂಟಿನದು.

"ನಲವತ್ತು ಪಾಯಿಂಟು."

ಮರ್ವ್ ನಕ್ಕ. "ಪಾಯಿಂಟು ಹೋಗಿ ಯಾವ ಕಾಲ ಆಯ್ತೇ ಮಾರಾಯ್ತಿ! ಅಪ್ಪ ಮೊಂಡ, ಮಗಳು ಅವನಿಗಿಂತ ಮೊಂಡಿ. ಬಿತ್ತೋಕೆ ಸಾಕು ಬಿಡು."

ಆಮೇಲೆ ಬೇಕರಿಯ ಡಲ್ಸಿ, ಕುರಿ ಸಾಕುವ ಹೆನ್ಷಾ, ಒಬ್ಬರಾದ ಮೇಲೊಬ್ಬರು ಕೇಳಿದರು. ನಿನ್ನ ಮಣ್ಣಾದ ಮೇಲೆ ಈ ಮನೆಗೆ ಯಾರೂ ಫೋನು ಮಾಡುವುದಿಲ್ಲ ಎಂದುಕೊಂಡಿದ್ದೆ. ಇಷ್ಟು ಜನರನ್ನು ನನಗೆ ಉಳಿಸಿ ಹೋಗಿದ್ದೀಯ ಅಪ್ಪಾ. ಮಾಪಕ ಇಲ್ಲೇ ಇರಲಿ, ದಿನಾ ನಾನೇ ನೋಡುತ್ತೇನೆ ಎಂದು ಸಿಡ್ನಿಯವರಿಗೆ ಹೇಳಿದೆ.

ನಾಳೆ ಮಳೆಯಿಲ್ಲವಂತೆ. ಆದರೂ ಒಂಬತ್ತಕ್ಕೆ ನೋಡಿ, ಸೊನ್ನೆ ಎಂದು ಬರೆದು ಕಳಿಸಬೇಕು.

ನೋಲಾ